ಕೈ ತಣಿಸುವ ಶಾಸ್ತ್ರ

ರಾಯಚೂರಿನಲ್ಲಿ ನಮ್ಮನ್ನು ಎಲ್ಲರೂ ಮಾರವಾಡಿಗಳು ಎನ್ನುತ್ತಾರೆ. ನಿಜವಾದ ಮಾರವಾಡಿಗಳಿಗೆ ಇದು ಕೇಳಿಸಿದರೆ ಮೂಗು ಮುರಿಯುತ್ತಾರೆ. ಅವರು ಬಂಗಾರದ ಅಂಗಡಿ, ಬಟ್ಟೆ ಅಂಗಡಿ ಇಟ್ಟವರು. ನಾವು ತಳ್ಳುಗಾಡಿಯಲ್ಲಿ ಐಸ್‌ಕ್ರೀಮ್ ಮಾರುತ್ತ ಬಂದವರು. ನಮ್ಮಜ್ಜ ರಾಜಸ್ಥಾನದ ಹಳ್ಳಿಯೊಂದರಿಂದ ಬಂದು ಇಲ್ಲಿ ಇಳಿದದ್ದಕ್ಕೆ ಮನೆಯಲ್ಲಿ ಒಂದು ಕಥೆ ಇದೆ. ಅವನು ಹೊರಟದ್ದು ಮದ್ರಾಸಿಗಂತೆ. ರಾಯಚೂರು ಸ್ಟೇಷನ್ನಿನಲ್ಲಿ ನೀರು ಕುಡಿಯಲು ಇಳಿದ, ಬಿಸಿಲು ನೋಡಿದ, ಮತ್ತೆ ರೈಲು ಹತ್ತಲಿಲ್ಲ. ಐಸ್‌ಕ್ರೀಮ್ ಮಾರುವವನಿಗೆ ಇದಕ್ಕಿಂತ ಒಳ್ಳೆಯ ಊರು ಮುಂದೆ ಸಿಗುತ್ತದೆಂದು ಅವನಿಗೆ ಅನ್ನಿಸಲಿಲ್ಲವಂತೆ. ನಾನು ಇದನ್ನು ನಂಬುವುದಿಲ್ಲ. ಅವನ ಊರಿನವರು ಆಗಲೇ ಇಲ್ಲಿದ್ದರು, ಅವರೇ ಕರೆಸಿಕೊಂಡರು. ಆದರೆ ದೂರದಿಂದ ಬಂದು ನೆಲೆಸಿದವರ ಮನೆಗಳಲ್ಲಿ ಇಂಥ ಕಥೆಗಳನ್ನು ಪ್ರಶ್ನೆ ಮಾಡಿದವರಿಗೆ ನೆಟ್ಟಗೆ ಊಟ ಬಡಿಸುವುದಿಲ್ಲ.

ಅಜ್ಜ ಶಿವರಾತ್ರಿಯ ಹೊತ್ತಿಗೆ ಬಂದು, ಮಳೆ ಶುರುವಾದ ಕೂಡಲೇ 'ದೇಸ'ಕ್ಕೆ, ಅಂದರೆ ರಾಜಸ್ಥಾನದ ತನ್ನ ಹಳ್ಳಿಗೆ, ಹೋಗಿಬಿಡುತ್ತಿದ್ದ. ಅಪ್ಪ ಹೋಗುವುದನ್ನು ಬಿಟ್ಟ. ನಾನು, ನನ್ನ ತಮ್ಮ ಇಲ್ಲೇ ಹುಟ್ಟಿದೆವು. ಮನೆಯ ಮಾತು ಅರ್ಧ ದೇಸದ್ದು, ಅರ್ಧ ರಾಯಚೂರಿನದು. ಅಪ್ಪನ ತಾಯಿಯನ್ನು ದಾದಿ ಎಂದೇ ಕರೆಯಬೇಕಿತ್ತು. ತಾಯಿಯನ್ನು ದಾದಿಯ ಮುಂದೆ 'ಮಾ' ಎನ್ನುತ್ತಿದ್ದೆ, ದಾದಿ ಬೆನ್ನು ತಿರುಗಿಸಿದ ಕೂಡಲೇ 'ಅವ್ವ' ಎನ್ನುತ್ತಿದ್ದೆ. ಯಾರದಾದರೂ ಮದುವೆಗೆಂದು ದೇಸಕ್ಕೆ ಹೋದಾಗ ನನ್ನ ಓರಗೆಯವರು ನನ್ನನ್ನು ಮದ್ರಾಸಿ ಎಂದು ಆಡಿಕೊಳ್ಳುತ್ತಿದ್ದರು. ಬೇಸರವಾಗುತ್ತಿರಲಿಲ್ಲ, ಪಾಪ, ಅವರು ರಾಯಚೂರಿನ ಮಂಡಾಳ ಒಗ್ಗರಣಿ ತಿಂದವರಲ್ಲ. ಈಗ ನಾನು ದಿನಾ ಬಸ್ಸು ಹತ್ತಿ ಮಾನ್ವಿಗೆ ಹೋಗಿ ಅಲ್ಲಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮಾರವಾಡಿ ಮೇಡಂ ಕನ್ನಡ ಕಲಿಸ್ತಾಳ ಎಂದು ನಗುವ ರೈಸ್‌ಮಿಲ್ ಮಾಲೀಕರಿದ್ದಾರೆ. ಅವರ ಮಕ್ಕಳ ಕಾಗುಣಿತವನ್ನು ನಾನೇ ತಿದ್ದುತ್ತೇನೆ.

ನಮ್ಮ ಮನೆಯ ಹಿಂದಿನ ಕೋಣೆಗೆ 'ಕಾರಖಾನೆ' ಎನ್ನುತ್ತೇವೆ. ಈಗ ಅಲ್ಲಿ ಕರೆಂಟಿನ ಮೆಷಿನ್ನು, ದೊಡ್ಡ ಫ್ರೀಜರುಗಳು ಇವೆ. ಮೊದಲು ಇದ್ದದ್ದು ಮರದ ತೊಟ್ಟಿಗಳು. ತೊಟ್ಟಿಯ ನಡುವೆ ಹಾಲು ತುಂಬಿದ ತಗಡಿನ ಡಬ್ಬಿ, ಅದರ ಸುತ್ತ ಒಡೆದ ಐಸು, ಐಸಿನ ಮೇಲೆ ಹರಳುಪ್ಪು. ಉಪ್ಪು ಬಿದ್ದ ಐಸು ಬರೀ ಐಸಿಗಿಂತ ಹೆಚ್ಚು ಕೊರೆಯುತ್ತದೆ. ಆ ಚಳಿಗೇ ಡಬ್ಬಿಯೊಳಗಿನ ಹಾಲು ಗಟ್ಟಿಯಾಗುವುದು. ಒಂದು ಕೈಯಿಂದ ಡಬ್ಬಿ ತಿರುವುತ್ತ, ಇನ್ನೊಂದು ಕೈಯಿಂದ ಐಸನ್ನು ಒತ್ತುತ್ತ ಕೂರಬೇಕು. ಎಷ್ಟು ಉಪ್ಪು, ಯಾವಾಗ ಎನ್ನುವುದರಲ್ಲೇ ಇಡೀ ಕಸುಬು ಇತ್ತು.

ಈ ಕಸುಬನ್ನು ನಮ್ಮಲ್ಲಿ ಗಂಡುಮಕ್ಕಳಿಗೆ ಕಲಿಸುತ್ತಾರೆ, ಸೊಸೆಯರಿಗೆ ಕಲಿಸುತ್ತಾರೆ, ಮಗಳಿಗೆ ಮಾತ್ರ ಕಲಿಸುವುದಿಲ್ಲ. ಕಲಿತ ಮಗಳು ಅದನ್ನು ಗಂಡನ ಮನೆಗೆ ಒಯ್ಯುತ್ತಾಳೆ ಎಂಬ ಹೆದರಿಕೆ. ನನಗೆ ಮದುವೆಯೇ ಆಗಲಿಲ್ಲ, ಆದರೂ ಉಪ್ಪಿನ ಚೀಲ ಮುಟ್ಟಲು ಬಿಡಲಿಲ್ಲ. ಎಲ್ಲಿಯಾದರೂ ಆಗಿಬಿಟ್ಟರೆ ಎಂದು ಅವರಿಗೆ ಭಯ. ಆ ವಿಷಯದಲ್ಲಿ ನನಗಿಂತ ಅವರಿಗೇ ಆಸೆ ಹೆಚ್ಚಿತ್ತು.

ಸೊಸೆಯನ್ನು ಕಸುಬಿಗೆ ಸೇರಿಸಿಕೊಳ್ಳಲು ಒಂದು ಶಾಸ್ತ್ರವಿತ್ತು. ಅದಕ್ಕೆ ಕೈ ತಣಿಸುವುದು ಎನ್ನುತ್ತಿದ್ದರು. ಸೊಸೆ ಬಂದ ವರ್ಷ, ಶಿವರಾತ್ರಿ ಮುಗಿದು ಹಂಗಾಮು ಶುರುವಾಗುವ ದಿನ, ಮೊದಲ ಡಬ್ಬಿಯನ್ನು ಅವಳೇ ತಿರುವಬೇಕು. ಬಲಗೈ ಮಣಿಕಟ್ಟಿನವರೆಗೆ ಐಸಿನೊಳಗೆ, ಎಡಗೈ ಡಬ್ಬಿಯ ಮೇಲೆ. ಅತ್ತೆ ನಡುನಡುವೆ ಮುಚ್ಚಳ ತೆಗೆದು ಹಾಲಿನಲ್ಲಿ ಮರದ ಚಮಚ ಊರಿ ನೋಡುತ್ತಾಳೆ. ಚಮಚ ತಾನಾಗಿ ನಿಂತರೆ 'ಬಸ್', ಸಾಕು, ಎನ್ನುತ್ತಾಳೆ. ಆ ಮಾತು ಅತ್ತೆಯ ಬಾಯಿಂದಲೇ ಬರಬೇಕು, ಬೇರೆಯವರು ಹೇಳುವಂತಿಲ್ಲ. ಅದಕ್ಕೂ ಮುಂಚೆ ಕೈ ತೆಗೆದವಳು 'ಬಿಸಿ ಕೈಯವಳು'. ಅವಳು ಮುಟ್ಟಿದ ಹಾಲು ಒಡೆಯುತ್ತದಂತೆ. ಅವಳ ಗಂಡನಿಗೆ ಗಾಡಿಯಿಲ್ಲ, ಅಂಗಡಿಯಲ್ಲಿ ಜಾಗವಿಲ್ಲ, ಇಬ್ಬರೂ ಬೇರೆ ಒಲೆ ಹೂಡಬೇಕು. ಮೆಷಿನ್ನು ಬಂದ ಮೇಲೆ ಡಬ್ಬಿ ತಿರುವುವ ಕೆಲಸ ಯಾರಿಗೂ ಉಳಿಯಲಿಲ್ಲ, ಶಾಸ್ತ್ರ ಮಾತ್ರ ಉಳಿಯಿತು.

ಅತ್ತೆಗೆ ಮನಸ್ಸಿದ್ದರೆ ಹಾಲು ಇನ್ನೂ ತೆಳ್ಳಗಿರುವಾಗಲೇ ಬಸ್ ಎನ್ನಬಹುದು. ಇದು ಎಲ್ಲರಿಗೂ ಗೊತ್ತಿತ್ತು. ನನ್ನ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ, ದಾದಿಯ ತವರಿನ ಕಡೆಯವಳು. ಅವಳು ಕೈಯಿಟ್ಟು ಬಳೆ ಸರಿಮಾಡಿಕೊಳ್ಳುವುದರೊಳಗೆ ದಾದಿ ಬಸ್ ಎಂದಿದ್ದಳಂತೆ. ನನ್ನ ಅವ್ವನ ಸರದಿ ಬಂದಾಗ ದಾದಿ ಚಮಚ ಊರುವುದನ್ನೇ ಬಿಟ್ಟು ಪಕ್ಕದ ಮನೆಯವಳ ಜೊತೆ ಮಾತಿಗೆ ಕೂತಳು. ಅಂದಿನಿಂದ ಅವ್ವನ ಬಲಗೈಯ ಬೆರಳ ತುದಿಗಳಿಗೆ ಬಿಸಿ, ತಂಪು ಯಾವುದೂ ತಿಳಿಯುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಅರಿವೆ ಹಿಡಿಯದೆ ಇಳಿಸುತ್ತಿದ್ದಳು. ನೋಡಿದವರು ಎಂಥ ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದರು. ದಾದಿಯೂ ಅವರ ಜೊತೆ ಸೇರಿ ಹೊಗಳುತ್ತಿದ್ದಳು.

ನನ್ನ ತಮ್ಮನ ಗಾಡಿ ದೇವದುರ್ಗದಲ್ಲಿ ನಿಲ್ಲುತ್ತಿತ್ತು. ಗಾಡಿಯ ತುಂಬ ಕನ್ನಡಿ ಚೂರು, ಬಣ್ಣದ ಲೈಟು, ಮುಂದೆ ದೇವರ ಚಿತ್ರ, ಪಕ್ಕದಲ್ಲಿ ಚಿತ್ರನಟಿಯ ಚಿತ್ರ. ಎದುರಿನ ಮಳಿಗೆಯಲ್ಲಿ ಒಬ್ಬ ಹುಡುಗಿ ಜಂಪರ್ ಹೊಲಿಯುತ್ತಿದ್ದಳು. ಅವಳ ಊರು ಮಸರಕಲ್. ತಂದೆ ಹೊಲ ಮಾಡುವವರು, ಲಿಂಗಪೂಜೆ ಮಾಡದೆ ನೀರನ್ನೂ ಕುಡಿಯದವರು. ಅವಳು ದೇವದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೊಲಿಗೆ ಮಾಡುತ್ತಿದ್ದಳು. ಸೀರೆಗೆ ಕುಚ್ಚು ಕಟ್ಟುವುದರಲ್ಲಿ, ತೋಳಿಗೆ ಮಣಿ ಕೂರಿಸುವುದರಲ್ಲಿ ಅವಳ ಕೈ ದೊಡ್ಡ ಹೆಸರು ಮಾಡಿತ್ತು. ಅರಕೇರಾದಿಂದ ಮದುವೆ ಮನೆಯವರು ಬಟ್ಟೆ ತಂದು ಅವಳಿಗೇ ಕೊಡುತ್ತಿದ್ದರು. "ಅಕಿ ಸೂಜಿ ಹಿಡದಿದ್ದು ನೀ ಒಮ್ಮಿ ನೋಡ್ಬೇಕು ಅಕ್ಕಾ" ಎಂದು ತಮ್ಮ ಹೇಳಿದಾಗಲೇ ಇವನು ಕೈತಪ್ಪಿ ಹೋದ ಎಂದುಕೊಂಡೆ.

ಇಬ್ಬರೂ ರಿಜಿಸ್ಟರ್ ಮದುವೆ ಮಾಡಿಕೊಂಡರು. ಅವಳ ತಂದೆ, ಐಸ್ ಮಾರೂ ಮಂದಿ ಎರಡು ತಿಂಗಳಿಗಿ ಹೊರಗ ಹಾಕ್ತಾರ, ಆವಾಗ ನನ್ನ ಬಾಗಲಿಗಿ ಬರಬ್ಯಾಡ ಎಂದು ಹೇಳಿ ಕಳಿಸಿದರು. ನಮ್ಮ ಮನೆಯಲ್ಲಿ ದಾದಿ ಮಾತು ಬಿಟ್ಟಳು. ಮಾತು ಬಿಟ್ಟ ದಾದಿ ಮಾತಾಡುವ ದಾದಿಗಿಂತ ಹೆಚ್ಚು ಗದ್ದಲ ಮಾಡುತ್ತಿದ್ದಳು. ಪಾತ್ರೆ, ಬಾಗಿಲು, ನೀರಿನ ಕೊಡ, ಎಲ್ಲ ಅವಳ ಪರವಾಗಿ ಮಾತಾಡುತ್ತಿದ್ದವು. ಕೊನೆಗೆ ಒಂದು ದಿನ ಎಲ್ಲರನ್ನೂ ಕೂರಿಸಿ ಹೇಳಿದಳು.

"ಶಿವರಾತ್ರಿ ಆಗ್ಲಿ. ಕೈ ತಣಿಸಿ ನೋಡೂಣು. ತಡಕೊಂಡ್ರ ಸೊಸಿ. ತಡೀಲಿಲ್ಲಂದ್ರ ಇಬ್ಬರೂ ಹೊರಗ."

ನಾನು ತಮ್ಮನ ಹೆಂಡತಿಯನ್ನು ಮಹಡಿಯ ಮೇಲೆ ಅವಳ ಹೊಲಿಗೆ ಮೆಷಿನ್ನಿನ ಹತ್ತಿರ ಹಿಡಿದು ಹೇಳಿದೆ. "ಇದೆಲ್ಲ ಹುಚ್ಚುತನ. ಭಾಳ ಚಳಿ ಅನಿಸಿದ್ರ ಕೈ ತಗದ್ಬಿಡು. ಬ್ಯಾರಿ ಮನಿ ಮಾಡ್ರಿ, ಆರಾಮ ಇರ್ತೀರಿ. ನಿನ್ನ ಕೈಯಾಗ ವಿದ್ಯಾ ಅದ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಬ್ಯಾರಿ ಮನಿ ಮಾಡಿದ್ರ ನಮ್ಮಪ್ಪ ಅಂದಿದ್ದು ಖರೇ ಆಗ್ತದ ಅಕ್ಕಾ. ನಾ ಈ ಮನಿ ಬಿಟ್ಟು ಹೋಗಾಕಿ ಅಲ್ಲ. ಎಷ್ಟೊತ್ತು ಇಡಬೇಕೋ ಅಷ್ಟೊತ್ತು ಇಡತೀನಿ."

ಅವಳಿಗೆ ಇದ್ದದ್ದು ಆ ಕೈ ಒಂದೇ. ಅದರಿಂದಲೇ ದುಡಿದಿದ್ದಳು, ಅದನ್ನೇ ಈಗ ಪಣಕ್ಕೆ ಇಡಲು ಹೊರಟಿದ್ದಳು. ಅವಳ ಹಟ ನೋಡಿ ನನಗೆ ಸಿಟ್ಟೂ ಬಂತು, ಮೆಚ್ಚುಗೆಯೂ ಆಯಿತು.

ಆ ದಿನ ಬೆಳಿಗ್ಗೆ ಕಾರಖಾನೆಯ ಕೋಣೆ ಸಾರಿಸಿ, ರಂಗೋಲಿ ಹಾಕಿ, ಹಳೆಯ ಮರದ ತೊಟ್ಟಿಯೊಂದನ್ನು ತೊಳೆದಿಟ್ಟಿದ್ದರು. ನಮ್ಮವರ ಮನೆಗಳ ಹೆಂಗಸರು ಬಂದು ದೇಸದ ಹಾಡು ಹೇಳುತ್ತ ಕೂತಿದ್ದರು. ಅದರಲ್ಲಿ ಒಂದು ಶಬ್ದವೂ ಮದುಮಗಳಿಗೆ ತಿಳಿಯುವಂತಿರಲಿಲ್ಲ. ದಾದಿ ಅವಳಿಗೆ ದೇಸದ ಓಢಣಿ ಹೊದಿಸಿ, ಮುಖ ಮುಚ್ಚುವಂತೆ ಎದೆಯವರೆಗೆ ಎಳೆದಿದ್ದಳು. ಮಸರಕಲ್ಲಿನ ಹುಡುಗಿ ಯಾರದೋ ಮನೆಯ ಬೊಂಬೆಯ ಹಾಗೆ ತೊಟ್ಟಿಯ ಮುಂದೆ ಕೂತಿದ್ದಳು. ಎದುರಿಗೆ ಅವ್ವ, ಕೈಯಲ್ಲಿ ಮರದ ಚಮಚ. ಮಗಳೆಂದು ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

ತಮ್ಮ ಗೋಣಿಚೀಲದಲ್ಲಿ ಐಸು ಹೊತ್ತು ತಂದು, ಒಡೆದು, ತೊಟ್ಟಿಗೆ ತುಂಬಿದ. ದಾದಿ ಅದರ ಮೇಲೆ ಒಂದು ಹಿಡಿ ಉಪ್ಪು ತೂರಿದಳು. ಶಾಸ್ತ್ರಕ್ಕೆ ಅಷ್ಟೇ. ಆಮೇಲೆ ಆರತಿ ತರಲೆಂದು ದೇವರ ಕೋಣೆಗೆ ಹೋದಳು. ಹೆಂಗಸರು ಹಾಡಿನಲ್ಲಿದ್ದರು. ಅಷ್ಟರಲ್ಲಿ ತಮ್ಮ ಮೂಲೆಯಲ್ಲಿದ್ದ ಉಪ್ಪಿನ ಚೀಲ ಎತ್ತಿ ಅರ್ಧಕ್ಕರ್ಧ ಐಸಿನ ಮೇಲೆ ಸುರಿದ, ಐಸು ಒಡೆದ ಕೋಲಿನಿಂದಲೇ ಕಲಸಿ ಮುಚ್ಚಿದ. ಶಾಸ್ತ್ರದ ಹೊತ್ತಿನಲ್ಲಿ ಗಂಡಸರು ಒಳಗೆ ಇರುವಂತಿಲ್ಲ. ಹೊರಗೆ ಹೋಗುವಾಗ ನನ್ನ ಕಿವಿಯಲ್ಲಿ ನಗುತ್ತ ಹೇಳಿದ: "ಹಾಲು ಬ್ಯಾಗ ಗಟ್ಟಿ ಆಗ್ತದ. ಅಕಿ ಬ್ಯಾಗ ಕೈ ತಗೀತಾಳ."

ಎಂಥ ಗಂಡ ಸಿಕ್ಕಿದ ಅವಳಿಗೆ ಎಂದುಕೊಂಡೆ. ತಮ್ಮ ಮೆಷಿನ್ನಿನ ಗುಂಡಿ ಒತ್ತಿ ಬೆಳೆದವನು, ತೊಟ್ಟಿಯಲ್ಲಿ ಒಮ್ಮೆಯೂ ಕೈಯಿಟ್ಟವನಲ್ಲ. ಉಪ್ಪು ಹೆಚ್ಚಾದರೆ ಹಾಲು ಬೇಗ ಗಟ್ಟಿಯಾಗುತ್ತದೆ ಎಂಬಷ್ಟು ಕೇಳಿ ತಿಳಿದಿದ್ದ. ಅದೇ ಚಳಿ ಕೈಯನ್ನೂ ಸುಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಗೊತ್ತಾಗಬಾರದು ಎಂದೇ ನನ್ನನ್ನು ಬೆಳೆಸಿದ್ದರು. ಅದು ಗೊತ್ತಿದ್ದ ಹೆಂಗಸರಲ್ಲಿ ಹಾಡಿಗೆ ಸೇರದೆ ಇತ್ತ ನೋಡುತ್ತಿದ್ದವಳು ಅವ್ವ ಒಬ್ಬಳೇ. ಅವಳ ಕಣ್ಣು ಮಗನ ಕೈಮೇಲೇ ಇತ್ತು. ಚೀಲ ಬಾಗಿದ್ದನ್ನು ನೋಡಿದಳು, ಉಪ್ಪು ಬಿದ್ದದ್ದನ್ನು ನೋಡಿದಳು, ಅವನ ನಗುವನ್ನೂ ನೋಡಿದಳು. ಏನೋ ಹೇಳುವವಳ ಹಾಗೆ ಬಾಯಿ ತೆರೆದು, ಮತ್ತೆ ಮುಚ್ಚಿ, ಸೆರಗು ಸರಿಮಾಡಿಕೊಂಡಳು.

ದಾದಿ ಆರತಿ ಎತ್ತಿದಳು. ತಮ್ಮನ ಹೆಂಡತಿ ಐಸಿನೊಳಗೆ ಕೈಯಿಟ್ಟಳು. ಮೊದಲು ಓಢಣಿಯೊಳಗಿಂದ ಸಣ್ಣ ನಗು ಕೇಳಿಸಿತು, ಚಳಿಗೆ ಬರುವ ನಗು. ಆಮೇಲೆ ಕೇಳಿಸಲಿಲ್ಲ. ಎಡಗೈ ಡಬ್ಬಿಯನ್ನು ತಿರುವುತ್ತಿತ್ತು. ಓಢಣಿಯ ಅಂಚು ನಡುಗಲು ಶುರುವಾಯಿತು. ಹೆಂಗಸರು ಒಂದು ಹಾಡು ಮುಗಿಸಿ ಇನ್ನೊಂದು ಹಿಡಿದರು.

ಅವ್ವ ಮುಚ್ಚಳ ತೆಗೆದು ಚಮಚ ಊರಿದಳು. ಬಾಗಿಲಲ್ಲಿ ನಿಂತ ನನಗೂ ಕಂಡಿತು, ಚಮಚ ನಿಂತಿತ್ತು. ತಮ್ಮನ ಲೆಕ್ಕ ತಪ್ಪಿರಲಿಲ್ಲ, ಹಾಲು ಬೇಗನೇ ಗಟ್ಟಿಯಾಗಿತ್ತು. ಅವ್ವ ಚಮಚವನ್ನು ಎತ್ತಿ ಮುಚ್ಚಳ ಹಾಕಿದಳು.

"ಇನ್ನೂ ಆಗಿಲ್ಲ" ಎಂದಳು.

"ಅವ್ವ, ನಿಂತದಲ್ಲ" ಎಂದೆ. ಗಾಬರಿಯಲ್ಲಿ ದಾದಿಯ ಮುಂದೆಯೇ ಅವ್ವ ಎಂದಿದ್ದೆ.

ದಾದಿ ನನ್ನ ಕಡೆ ನೋಡದೆಯೇ ಹೇಳಿದಳು. "ಮಗಳ ಬಾಯಿ ಇಲ್ಲಿ ಬ್ಯಾಡ."

ಓಢಣಿಯ ನಡುಕ ಆಮೇಲೆ ತಾನಾಗಿ ನಿಂತಿತು. ಅದನ್ನು ನೋಡಿ, ಹುಡುಗಿ ಗಟ್ಟಿ ಇದ್ದಾಳೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಅವ್ವ ಇನ್ನೊಂದು ಸಲ ಮುಚ್ಚಳ ತೆಗೆದಳು, ಇನ್ನೊಂದು ಸಲ ಹಾಕಿದಳು. ಎರಡನೆಯ ಹಾಡೂ ಮುಗಿದು, ಹೆಂಗಸರು ನೀರು ಕುಡಿದು, ಮೂರನೆಯದಕ್ಕೆ ದನಿ ಕೂಡಿಸುವಾಗ ಅವಳು ಬಸ್ ಎಂದಳು.

ಹೊರಗೆ ಬಂದ ಕೈ ಬೆಳ್ಳಗಿತ್ತು. ಬೆರಳುಗಳು ಡೊಂಕಾಗಿ ಹಾಗೇ ನಿಂತಿದ್ದವು, ಬಳೆಗಳ ಮೇಲೆ ಐಸಿನ ಪುಡಿ ಕೂತಿತ್ತು. ಓಢಣಿ ಸರಿಸಿ ಅವಳು ನನ್ನ ಕಡೆ ನೋಡಿ ನಕ್ಕಳು. "ಏನೂ ನೋವಾಗವಲ್ದು ಅಕ್ಕಾ" ಎಂದಳು. ಗೆದ್ದ ಖುಷಿ ಅವಳ ಮುಖದಲ್ಲಿ ಇತ್ತು. ನೈವೇದ್ಯದ ಐಸ್‌ಕ್ರೀಮನ್ನು ಅವಳ ಕೈಗೆ ಕೊಟ್ಟರು. ಬಲಗೈ ಮಡಚಲು ಬರದೆ ಎಡಗೈಯಲ್ಲಿ ತೆಗೆದುಕೊಂಡಳು. ಎಡಗೈಯಲ್ಲಿ ಪ್ರಸಾದ ತಗೋತಾಳ ನೋಡು ಎಂದು ಚಿಕ್ಕಮ್ಮ ಬೈದಳು.

ದಾದಿ ಕಾಯಿಸಿದ ನೀರು ತರಿಸಿ ಕೈ ಅದ್ದಿಸಿದಳು. ನೀರು ಎಷ್ಟು ಬಿಸಿ ಎಂದು ಕೈಯಿಟ್ಟವಳಿಗೆ ತಿಳಿಯಲಿಲ್ಲ, ಬೇರೆ ಯಾರೂ ಮುಟ್ಟಿ ನೋಡಲಿಲ್ಲ. ಸಂಜೆಗೆ ಬೊಬ್ಬೆ ಎದ್ದವು. ಆಮೇಲೆ ಬೆರಳ ತುದಿಗಳು ಕಪ್ಪಾಗುತ್ತ ಬಂದವು. ದಾದಿ ಎಣ್ಣೆ ಹಚ್ಚಿಸಿದಳು, ಅರಿಸಿನ ಕಟ್ಟಿಸಿದಳು, ಹಂಗಾಮಿನ ಮೊದಲ ವಾರ ಆಸ್ಪತ್ರೆಗೆ ಹೋಗುವುದು ಅಪಶಕುನ ಎಂದಳು. ನಾನು ಶಾಲೆಗೆ ರಜೆ ಹಾಕಿ, ಆಟೋ ಕರೆದು, ಅವಳನ್ನು ದಬಾಯಿಸಿ ಕರೆದುಕೊಂಡು ಹೋದೆ. ಡಾಕ್ಟರು ಹೆಬ್ಬೆರಳಿನ ಪಕ್ಕದ ಎರಡು ಬೆರಳುಗಳನ್ನು ಮೊದಲ ಗೆಣ್ಣಿನವರೆಗೆ ತೆಗೆದರು. ಉಳಿದ ಬೆರಳುಗಳಿಗೆ ಸ್ಪರ್ಶ ಬರುವುದು ಕಷ್ಟ ಎಂದರು. ಸೂಜಿ ಹಿಡಿಯುವ ಬೆರಳುಗಳೇ ಹೋಗಿದ್ದವು.

ಸುದ್ದಿ ಕೇಳಿ ಮಸರಕಲ್ಲಿನಿಂದ ಅವಳ ತಂದೆ ಬಂದರು. ಮನೆಯೊಳಗೆ ಕಾಲಿಡಲಿಲ್ಲ, ಅಂಗಳದಲ್ಲೇ ನಿಂತರು. ಬಟ್ಟೆ ಸುತ್ತಿದ ಕೈ ನೋಡಿದರು.

"ಏನಾತು ಕೈಗಿ?"

"ಮಿಷನ್ನಾಗ ಸಿಕ್ತು ಯಪ್ಪಾ. ನನ್ನ ತಪ್ಪ ಅದ. ಮನಿಯಾಗ ಎಲ್ಲಾರೂ ಚಲೋ ನೋಡ್ಕೋತಾರ."

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನೀರು ಕೊಡಲು ಹೋದೆ, ಬೇಡ ಎಂದರು. ಬಂದ ಬಸ್ಸಿಗೇ ವಾಪಸ್ ಹೋದರು. ತಂದೆ ಕಣ್ಮರೆಯಾದ ಮೇಲೆ ಅವಳು ಒಳಗೆ ಬಂದು, ಎಲ್ಲರೂ ಊಟಕ್ಕೆ ಕೂತಿದ್ದಾಗ, ದಾದಿ, ಅಪ್ಪ, ತಮ್ಮ ಎಲ್ಲರ ಮುಂದೆ ಅವ್ವನ ಕಡೆ ಬೆರಳು ಮಾಡಿ ಹೇಳಿದಳು.

"ಉಪ್ಪು ಸುರದಾಕಿ ಈಕಿ. ಚೀಲಗಟ್ಲೆ ಸುರದಾಳ. ನನ್ನ ಕೈ ತಿಂದಾಳ."

ತಮ್ಮನ ಕೈಯಲ್ಲಿ ತುತ್ತು ಇತ್ತು. ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ. ಅವನು ಅವ್ವನ ಕಡೆ ನೋಡಿದ. ಅಲ್ಲಿಯವರೆಗೆ ತಾನು ಮಾಡಿದ್ದೇನೆಂದು ಅವನಿಗೆ ಹೊಳೆದಿರಲಿಲ್ಲವೇನೋ, ಆ ಗಳಿಗೆಯಲ್ಲಿ ಹೊಳೆದದ್ದು ಅವನ ಮುಖದಲ್ಲಿ ಕಂಡಿತು. ಈಗ ಹೇಳುತ್ತಾನೆ ಎಂದುಕೊಂಡೆ.

"ಹೂಂ" ಎಂದಳು ಅವ್ವ. "ನಾನ ಹಾಕಿದ್ದು."

ತಮ್ಮ ತುತ್ತನ್ನು ಬಾಯಿಗೆ ಹಾಕಿಕೊಂಡು ಅಗಿದ. ನನ್ನ ಸ್ವಂತ ತಮ್ಮ, ನಾನು ಎತ್ತಿ ಆಡಿಸಿದವನು. ಆ ಅಗಿಯುವ ಸದ್ದಿಗೆ ನನಗೆ ಹೇಸಿಗೆಯಾಯಿತು. ಬಾಯಿ ತೆರೆಯಲು ಹೋದೆ. ಅವ್ವ ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ.

ಮರುದಿನ ಮಹಡಿಯ ಮೇಲೆ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಾಗ ಹೋಗಿ ಕೇಳಿದೆ. ಮಗ ಉಪ್ಪು ಸುರಿದದ್ದನ್ನು ನೋಡಿಯೂ ಯಾಕೆ ಸುಮ್ಮನಿದ್ದೆ? ಚಮಚ ನಿಂತರೂ ಯಾಕೆ ಬಸ್ ಎನ್ನಲಿಲ್ಲ? ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಸುಳ್ಳು ಹೇಳಲಿಲ್ಲ.

"ಬ್ಯಾಡಪಾ ಅನ್ನಾಕ ಬಾಯಿ ತೆರದಿದ್ದೆ. ಆಮ್ಯಾಲ ಅಂವ ನಕ್ಕಿದ್ದು ನೋಡಿದೆ. ನಾ ಕೈಯಿಟ್ಟಾಗ ನಿಮ್ಮಪ್ಪ ಹೊರಗ ಬೀಡಿ ಸೇದಾಕತ್ತಿದ್ದ. ಕೈ ಏನಾತಂತ ಬಂದು ನೋಡಲಿಲ್ಲ. ಈಕಿಗಿ ನೋಡು, ಗಂಡ ಕಳ್ಳತನಾ ಮಾಡಿ ಉಪ್ಪು ತಂದು ಹಾಕ್ತಾನ. ಹಾಕ್ಲಿ ಬಿಡು ಅನಸ್ತು. ಅಷ್ಟು ಪ್ರೀತಿ ಅದಲ್ಲ, ಅನುಭವಿಸಲಿ ಅನಸ್ತು."

"ಮತ್ತ ನಾನ ಹಾಕಿದ್ದು ಅಂತ ಯಾಕ ಅಂದಿ?"

"ಹಾಕಿದಾಂವ ನಾ ಹಡದಾಂವ. ನಾ ನೋಡಿ ಸುಮ್ಮಕಿದ್ದೆ. ನಾ ಹಾಕಿದಂಗನ ಆತಲ್ಲ."

ಇಷ್ಟು ಹೇಳಿ ಮೆಣಸಿನಕಾಯಿಯ ಮೊರ ನನ್ನ ಕಡೆ ತಳ್ಳಿದಳು. ಅವಳನ್ನು ಅಪ್ಪಿಕೊಳ್ಳಬೇಕೋ ಉಗಿಯಬೇಕೋ ತಿಳಿಯದೆ ನಾನೂ ತೊಟ್ಟು ಮುರಿಯುತ್ತ ಕೂತೆ. ಇಂದಿಗೂ ತಿಳಿದಿಲ್ಲ.

ತಮ್ಮನ ಹೆಂಡತಿ ಮನೆಯಲ್ಲಿ ಉಳಿದಳು. ಚಳಿ ತಡೆದುಕೊಂಡಿದ್ದಳಲ್ಲ, ದಾದಿ ಮಾತಿಗೆ ತಪ್ಪಲಿಲ್ಲ. ತಮ್ಮನಿಗೆ ಅಂಗಡಿ ಬಿಟ್ಟುಕೊಟ್ಟರು, ಅವಳು ಗಲ್ಲಾಪೆಟ್ಟಿಗೆಯ ಹತ್ತಿರ ಕೂರತೊಡಗಿದಳು. ಕೆಲವು ತಿಂಗಳು ಎಡಗೈಯಲ್ಲಿ ಸೂಜಿ ಹಿಡಿಯಲು ಒದ್ದಾಡಿದಳು. ಆಮೇಲೆ ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿ, ಅದರ ಮೇಲೆ ಟೀವಿ ಇಟ್ಟಳು. ಗಂಡನ ಜೊತೆ ಚೆನ್ನಾಗಿಯೇ ಇದ್ದಳು. ಅವನ ಅಂಗಿಗೆ ಇಸ್ತ್ರಿ, ಅವನಿಗೆ ಇಷ್ಟದ ಬದನಿಕಾಯಿ ಎಣಗಾಯಿ, ಅವನ ಜೊತೆ ಸಿನಿಮಾ. ಸಿಟ್ಟೆಲ್ಲ ಅವ್ವನಿಗೆ. ಅತ್ತಿ ಎಂದು ಒಮ್ಮೆಯೂ ಕರೆಯಲಿಲ್ಲ, 'ಈಕಿ' ಎನ್ನುತ್ತಿದ್ದಳು. ಬಂದ ನೆಂಟರಿಗೆಲ್ಲ ಮೊಂಡು ಬೆರಳುಗಳಿಂದಲೇ ತಟ್ಟೆ ಕೊಟ್ಟು, ಅವರು ಕೇಳುವವರೆಗೆ ಕಾಯ್ದು, ಕೇಳಿದ ಮೇಲೆ ಗದ್ದ ಎತ್ತಿ ಅವ್ವನ ಕಡೆ ತೋರಿಸುತ್ತಿದ್ದಳು. ಅವ್ವ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ದಾದಿ ಸತ್ತಳು, ಅಪ್ಪನೂ ಹೋದ. ಕೈ ತಣಿಸುವ ಶಾಸ್ತ್ರವನ್ನು ಯಾರೂ ನಿಲ್ಲಿಸಲಿಲ್ಲ, ಅದು ತಾನಾಗಿ ನಿಂತಿತು. ಚಿಕ್ಕಮ್ಮನ ಸೊಸೆ ಬಂದಾಗ ಅದರ ಮಾತೇ ಎತ್ತಲಿಲ್ಲ. ಮರದ ತೊಟ್ಟಿಯಲ್ಲಿ ಈಗ ಗಾಡಿಗಳ ಹಳೆಯ ವೈರು, ಬಲ್ಬು ತುಂಬಿಟ್ಟಿದ್ದಾರೆ.

ಆಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಒಂದು ಮಗ್ಗುಲು ಬಿತ್ತು, ಮಾತು ಹೋಯಿತು. ನಾನು ಬೆಳಿಗ್ಗೆ ಮಾನ್ವಿ ಬಸ್ಸು ಹಿಡಿದರೆ ಬರುವುದು ಸಂಜೆ. ಸ್ನಾನ, ಊಟ ಎಲ್ಲ ಸೊಸೆಯದು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಓಣಿಯವರೆಲ್ಲ ಅವಳನ್ನು ಹೊಗಳುತ್ತಿದ್ದರು. ಕೈ ತಿಂದ ಅತ್ತಿಗಿ ಕೈಯಾರೆ ಉಣಸ್ತಾಳ ಎನ್ನುತ್ತಿದ್ದರು. ಚಳಿಗಾಲದ ಒಂದು ಭಾನುವಾರ ಬಚ್ಚಲಿನ ಕಡೆ ಹೋದೆ. ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ತಲೆಯ ಮೇಲೆ ನೀರು ಹಾಕುತ್ತಿದ್ದಳು. ಅವ್ವನ ಗದ್ದ ಬಡಿದುಕೊಳ್ಳುತ್ತಿತ್ತು. ಬಕೆಟ್ಟಿನಲ್ಲಿ ಕೈ ಅದ್ದಿದೆ. ಮಹಡಿಯ ಟ್ಯಾಂಕಿನಿಂದ ಬಂದ ತಣ್ಣೀರು, ಹಾಗೇ ಹಿಡಿದದ್ದು.

"ಬಿಸಿನೀರು ಯಾಕ ಹಾಕಿಲ್ಲ?"

ಅವಳು ಮೊಂಡು ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು. "ಬಿಸಿದೋ ತಣ್ಣಂದೋ ನಂಗ ಗೊತ್ತಾಗೂದಿಲ್ಲಲ್ಲ ಅಕ್ಕಾ. ಬೆರಳ ಸತ್ತಾವ."

ಅವಳಿಗೆ ಇನ್ನೊಂದು ಕೈ ಇತ್ತು. ಅದು ನೆಟ್ಟಗೇ ಇತ್ತು. ನಾನು ಚೆಂಬು ಕಸಿದುಕೊಂಡು ಒಲೆ ಹಚ್ಚಿದೆ. ಆಮೇಲೆ ಸ್ನಾನ ಮಾಡಿಸಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ನಮ್ಮ ಮನಿ ಮುದುಕಿನ್ನ ನಾವು ನೋಡ್ಕೋತೀವಿ ಎಂದು ಹೇಳಿ ಸೊಸೆ ಅವಳನ್ನು ಬಾಗಿಲಿಂದಲೇ ಕಳಿಸಿದಳು. ತಮ್ಮನಿಗೆ ಹೇಳಿದೆ. ಅವನು ಫೋನು ನೋಡುತ್ತ, ಎಲ್ಲಾ ಅಕಿನ ಮಾಡ್ತಾಳ, ಮತ್ತ ಅಕಿಗೇ ಅಂದ್ರ ಹೆಂಗ ಅಕ್ಕಾ ಎಂದ. ಭಾನುವಾರ ಮತ್ತು ರಜೆಯ ದಿನ ಅವ್ವನಿಗೆ ಬಿಸಿನೀರು ಸಿಗುತ್ತಿತ್ತು. ಉಳಿದ ದಿನ ಸಿಗುತ್ತಿರಲಿಲ್ಲ.

ಅವ್ವ ಬೇಸಿಗೆಯ ನಡುವೆ ಸತ್ತಳು. ನಮ್ಮವರು ಹಂಗಾಮಿನಲ್ಲಿ ಸಾಯುವವರನ್ನು ಒಳಗೊಳಗೇ ಬೈಯುತ್ತಾರೆ. ಬೂದಿಯನ್ನು ದೇಸಕ್ಕೆ ಒಯ್ಯಲು ಯಾರಿಗೂ ಪುರಸೊತ್ತಿರಲಿಲ್ಲ, ಕೃಷ್ಣೆಗೆ ಬಿಟ್ಟು ಬಂದರು. ಬಾಗಲವಾಡದ ಮದುವೆಯೊಂದಕ್ಕೆ ಐಸ್‌ಕ್ರೀಮ್ ಒಪ್ಪಿಕೊಂಡಾಗಿತ್ತು. ತಮ್ಮ ತಲೆ ಬೋಳಿಸಿಕೊಂಡವನು ಟೋಪಿ ಹಾಕಿಕೊಂಡು ಹೋದ.

ಅಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು, ಅವಳು ಇಬ್ಬರೇ ಇದ್ದೆವು. ಅವಳು ಅವ್ವನ ತಟ್ಟೆ, ಲೋಟ ತೆಗೆದು ಹಳೆಯ ಸಾಮಾನಿನ ಚೀಲಕ್ಕೆ ಹಾಕುತ್ತಿದ್ದಳು. ಲೋಟ ಚೀಲದೊಳಗೆ ಬಿದ್ದ ಸದ್ದಿಗೆ ನನ್ನ ತಲೆ ಕೆಟ್ಟಿತು. ಇಷ್ಟು ವರ್ಷ ಅವ್ವನ ಕಣ್ಣಿಗೆ ಹೆದರಿ ಮುಚ್ಚಿಟ್ಟದ್ದು ಬಾಯಿಗೆ ಬಂತು. ಅವಳಿಗೆ ನೋವಾಗಲಿ ಎಂದೇ ಹೇಳಿದೆ.

"ಆ ಉಪ್ಪು ನಮ್ಮವ್ವ ಹಾಕಿದ್ದಲ್ಲ. ನಿನ್ನ ಗಂಡ ಹಾಕಿದ್ದು. ನಾ ಬಾಗಲದಾಗ ನಿಂತು ನೋಡೀನಿ. ತಣ್ಣೀರು ಹಾಕಿ ಹಾಕಿ ಯಾರನ್ನ ಕೊಂದಿ ನೋಡು."

ಅವಳು ಕೂಗಾಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲದ ಬಾಯಿ ಕಟ್ಟಿ, ಗೋಡೆಗೆ ಒರಗಿಸಿ, ಚಹಾಕ್ಕೆ ಹಾಲಿಟ್ಟಳು.

"ನಂಗ ಗೊತ್ತದ ಅಕ್ಕಾ. ಆ ಓಢಣಿ ತೆಳ್ಳಂದಿತ್ತು. ನಿಮಗ ನನ್ನ ಮಾರಿ ಕಾಣತಿರಲಿಲ್ಲ, ನಂಗ ನೀವೆಲ್ಲಾ ಕಾಣತಿದ್ರಿ. ನನ್ನ ಮುಂದನ ಸುರದಾನ. ಚೀಲ ಇಟ್ಟು ಕಣ್ಣ ಹೊಡದು ಹೋಗ್ಯಾನ."

ನಾನು ಗೋಡೆಗೆ ಒರಗಿಸಿದ್ದ ಚೀಲದ ಕಡೆ ನೋಡಿದೆ.

"ಅಂವಗ ತಿಳೀಲಾರದ ಮಾಡ್ಯಾನ, ಅದೂ ಗೊತ್ತದ. ಅದಕ್ಕ ಸಿಟ್ಟಿಲ್ಲ. ಅವತ್ತ ಎಲ್ಲಾರ ಮುಂದ ನಿಮ್ಮವ್ವನ ಹೆಸರ ಯಾಕ ಹೇಳಿದೆ? ಅಂವ ಏನಂತಾನ ನೋಡಾಕ. ಅಂವ 'ಅಲ್ಲ, ನಾ ಹಾಕಿದ್ದು' ಅಂದಿದ್ರ ಅವತ್ತ ಮುಗದು ಹೋಗ್ತಿತ್ತು. ಅಂವ ಉಂಡ. ನಿಮ್ಮವ್ವ ಹೂಂ ಅಂದ್ಲು."

"ಗೊತ್ತಿದ್ದೂ ಅಕಿಗಿ..."

"ಮತ್ತ ಯಾರಿಗಿ?" ಅವಳು ನನ್ನ ಕಡೆ ತಿರುಗಿದಳು. "ನಮ್ಮಪ್ಪನ ಮನಿ ಬಾಗಲ ಮುಚ್ಚಿತ್ತು. ಅಂವನ ಜೋಡಿ ಬಾಳೇವು ಮಾಡ್ಬೇಕಿತ್ತು, ಅಂವನ ಮಗ್ಗಲದಾಗ ಮಲಗಬೇಕಿತ್ತು. ಅಂವನ ಮ್ಯಾಲ ಸಿಟ್ಟ ಇಟಗೊಂಡ್ರ ನಾ ಎಲ್ಲಿ ಹೋಗ್ಲಿ? ಎಲ್ಲ್ಯರ ಒಂದ ಕಡಿ ಇಡಬೇಕಿತ್ತು. ನಿಮ್ಮವ್ವ ತಾನ ತಗೊಂಡ್ಲು, ನಾ ಕೊಟ್ಟೆ."

ಹೊರಗೆ ಟೆಂಪೋದಿಂದ ಗಾಡಿ ಇಳಿಸುವಾಗ ಅದರ ಗಂಟೆ ಕೇಳಿಸಿತು. ಬಾಗಲವಾಡದಿಂದ ತಮ್ಮ ಬಂದಿದ್ದ. ಟೋಪಿ ತೆಗೆದು ಬೋಳು ತಲೆ ಸವರಿಕೊಳ್ಳುತ್ತ ಒಳಗೆ ಬಂದ, ಚಹಾ ಅದೇನು ಎಂದು ಕೇಳಿದ. ಹಾಲು ಉಕ್ಕಿ ಬಂದಿತ್ತು. ಅವಳು ಅರಿವೆ ಹುಡುಕಲಿಲ್ಲ. ಅವ್ವ ಮಾಡುತ್ತಿದ್ದ ಹಾಗೆಯೇ ಬರಿಗೈಯಲ್ಲಿ ಪಾತ್ರೆ ಹಿಡಿದು ಇಳಿಸಿದಳು, ಚಹಾ ಮಾಡಿ ಸೋಸಿದಳು, ಲೋಟವನ್ನು ಮೊಂಡು ಬೆರಳುಗಳಲ್ಲಿ ಎತ್ತಿ ಗಂಡನ ಮುಂದೆ ಹಿಡಿದಳು.

"ಬಿಸಿ ಅದ ರೀ" ಎಂದಳು. "ನೋಡಿ ಹಿಡೀರಿ."